ಒಂದೂವರೆ ಗಂಟೆಯ ತಪ್ಪು

ಇದರಲ್ಲಿ ಒಂದು ಮಾತು ಸುಳ್ಳಾಗಿದ್ದರೂ ಹೇಳಿದವನ ಎಮಿರೇಟ್ಸ್ ಐಡಿ ಇವತ್ತು ಸಂಜೆಯೊಳಗೆ ರದ್ದಾಗಲಿ, ಬರೀ ಕೈಚೀಲದ ಸಮೇತ ಅವನನ್ನು ಊರಿನ ವಿಮಾನ ಹತ್ತಿಸಲಿ. ನಡೆದದ್ದು ನಡೆದ ಹಾಗೆಯೇ ಇದೆ. ನವೆಂಬರ್ ತಿಂಗಳ ಕೊನೆಯ ಶನಿವಾರ, ಬೆಳಗ್ಗೆ ಹತ್ತೂಕಾಲಿಗೆ, ದುಬೈಯ ಅಲ್ ನಹ್ದಾದ ಒಂದು ಕ್ಲಿನಿಕ್ಕಿನ ಕತ್ತಲೆ ಕೋಣೆಯಲ್ಲಿ ನಿರಂಜನ ಎಂಬ ನಲವತ್ತೈದು ವರ್ಷದ ಮನುಷ್ಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಕಂಡವರನ್ನೆಲ್ಲ ಒಬ್ಬೊಬ್ಬರನ್ನಾಗಿ ತಿರಸ್ಕರಿಸುತ್ತಿದ್ದ. ಮೊದಲು ರಿಸೆಪ್ಶನ್ನಿನ ಹುಡುಗಿಯನ್ನು. ಅವಳು ಅವನಿಗೆ 'ಹಲೋ ಅಪ್ಪ' ಎಂಬ ಪ್ಯಾಕೇಜು ಮಾರಿದ್ದಳು: ಹೊಟ್ಟೆಯೊಳಗಿನ ಕೂಸಿನ ಬಣ್ಣದ ಮುಖ, ಒಂದು ಪೆನ್ ಡ್ರೈವ್, ಹೃದಯದ ಆಕಾರ ಕತ್ತರಿಸಿದ ರಟ್ಟಿನ ಫ್ರೇಮು. ಆಮೇಲೆ ಗೋಡೆಯ ಮೇಲಿನ ನೀಲಿ ಕಣ್ಣಿನ ಮಗುವನ್ನು. ಈ ಏರಿಯಾದಲ್ಲಿ ಅಂಥ ಕಣ್ಣಿನ ಮಗು ಯಾವ ಕಾಲದಲ್ಲೂ ಹುಟ್ಟಿರಲಾರದು. ಆಮೇಲೆ ಹೊಟ್ಟೆಗೆ ಜೆಲ್ ಹಚ್ಚಿಸಿಕೊಂಡು ಮಲಗಿದ್ದ ಹೆಂಡತಿ ಮಾನಸಳನ್ನು. ಮನೆಗೆ ಹತ್ತಿರ ನಾಲ್ಕು ಆಸ್ಪತ್ರೆಗಳಿದ್ದರೂ ಅವಳು ಇದನ್ನೇ ಹಿಡಿದದ್ದು ಇಲ್ಲಿ ಕನ್ನಡ ಮಾತಾಡುತ್ತಾರೆ ಎಂಬ ಕಾರಣಕ್ಕೆ. ಕನ್ನಡದವನ ಹೋಟೆಲು ಎಂದರೆ ಹಳಸಿದ ಸಾಂಬಾರನ್ನೂ ಎರಡು ಸಲ ಹಾಕಿಸಿಕೊಳ್ಳುವ ಜನ, ಎಂದುಕೊಂಡು ಅವನು ಕಾಲ ಮೇಲೆ ಕಾಲು ಹಾಕಿದ.

"ಅಕ್ಕ, ಸ್ವಲ್ಪ ಎಡಕ್ಕೆ ಮಗ್ಗುಲಾಗಿ, ಆಯ್ತಾ," ಎಂದಳು ಪರ್ಲ್. ಸ್ಕ್ಯಾನ್ ಮಾಡುವವಳು, ಕಾರ್ಕಳದ ಕಡೆಯವಳು, ತೆರೆಯ ಬೆಳಕಿನಲ್ಲಿ ಅವಳ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ಇದೆಂತ ಮಾರಾಯ್ರೆ, ನಿಮ್ಮ ಪಾಪು ಮುಖಕ್ಕೆ ಕೈ ಅಡ್ಡ ಇಟ್ಕೊಂಡು ಮಲಗಿದೆ. ತೋರಿಸುದೇ ಇಲ್ಲ ಅಂತ ಹಠ. ಯಾರ ಹಾಗೆ ಇದು?"

"ಇವರ ಹಾಗೇ," ಎಂದಳು ಮಾನಸ ಮಲಗಿದಲ್ಲಿಂದಲೇ ನಗುತ್ತ. "ಫೋಟೋ ಅಂದ್ರೆ ಸಾಕು, ಇವರದೂ ಒಂದು ಕೈ ಮೂಗಿನ ಹತ್ರ ಹೋಗ್ಬಿಡತ್ತೆ."

"ಹೊರಗೆ ಹೋಗಿ ಒಂದು ಜ್ಯೂಸ್ ಕುಡಿದು, ನಾಲ್ಕು ರೌಂಡ್ ನಡೆದು ಬನ್ನಿ. ಸಕ್ಕರೆ ಇಳಿದ್ರೆ ಎದ್ದು ತಿರುಗ್ತದೆ."

ಕಾರಿಡಾರಿನಲ್ಲಿ ಮಾನಸ ಮುಂದೆ, ಅವನು ಮಾವಿನ ಜ್ಯೂಸಿನ ಡಬ್ಬಿ ಹಿಡಿದು ಹಿಂದೆ. ಎಂಥ ವಿಜ್ಞಾನ, ಎಂದುಕೊಂಡ ಅವನು; ಅಷ್ಟು ದೊಡ್ಡ ಯಂತ್ರ, ಕೊನೆಗೆ ಅದಕ್ಕೂ ಕೂಸಿಗೆ ಸಕ್ಕರೆ ನೀರು ಕುಡಿಸಿ ಪುಸಲಾಯಿಸಬೇಕು. ಬಾಗಿಲ ಗಾಜಿನಲ್ಲಿ ತನ್ನ ಮೀಸೆ ಹಾದುಹೋದದ್ದನ್ನು ನೋಡಿದ. ಒಳ್ಳೆಯ ಮೀಸೆ. ದಪ್ಪ, ಎರಡೂ ಕಡೆ ಒಂದೇ ತೂಕ, ಎಡಗಡೆ ಮಾತ್ರ ಕೂದಲನ್ನು ಸ್ವಲ್ಪ ಒಳಕ್ಕೆ ಬಾಚಬೇಕು. ಕಳೆದ ವಾರ ಮಮ್ಝರ್ ಪಾರ್ಕಿನಲ್ಲಿ ಕನ್ನಡದ ನಾಲ್ಕು ಸಂಸಾರಗಳು ಚಾಪೆ ಹಾಸಿ ಚಿತ್ರಾನ್ನ ತಿನ್ನುತ್ತಿದ್ದಾಗ ಯಾರೋ ಕೇಳಿಯೇ ಕೇಳಿದರು, ನಿರಂಜನ್, ಆ ಕೋತಿ ಕಥೆ ಹೇಳಿ. ಅವನು ಹೇಳಿದ. ಏಳು ವರ್ಷದ ಹುಡುಗನಾಗಿದ್ದಾಗ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಒಂದು ಮುದಿ ಕೋತಿ ಅವನ ಕೈಯ ತೆಂಗಿನಕಾಯಿಗೆ ಹಾರಿ, ಉಗುರು ತುಟಿಗೆ ತಾಗಿ, ರಕ್ತ ಹರಿದು. ಮೊದಲ ಸಲ ಹೇಳಿದಾಗ ಒಂದೇ ಕೋತಿಯಿತ್ತು, ಈಗ ಹನ್ನೊಂದಾಗಿವೆ, ಒಂದು ಮಾತ್ರ ಕೊನೆಗೆ ಬಂದು ಕ್ಷಮೆ ಕೇಳುವಂತೆ ಬಾಳೆಹಣ್ಣು ಇಟ್ಟು ಹೋಗುತ್ತದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುವ ಮುಖಗಳನ್ನು ನೋಡುತ್ತ ಅವನಿಗೆ ಅವರ ಬುದ್ಧಿಯ ಬಗ್ಗೆ ಮರುಕವೂ ತನ್ನ ಬುದ್ಧಿಯ ಬಗ್ಗೆ ತೃಪ್ತಿಯೂ ಒಟ್ಟಿಗೇ ಹುಟ್ಟಿದವು. ಕಾರಿಡಾರಿನಲ್ಲಿ ಈಗ ಹೆಂಡತಿಯ ಬೆನ್ನಿಗೆ, "ಮುಗೀತಾ ರೌಂಡು?" ಎಂದ. "ಇನ್ನೊಂದು ರೌಂಡು ರೀ," ಎಂದಳು ಮಾನಸ.

ಕೂಸು ತಿರುಗಿತು. ಕೈ ಸರಿಯಿತು. ತೆರೆಯ ಮೇಲೆ ಮೈಸೂರುಪಾಕಿನ ಬಣ್ಣದ ಮುಖವೊಂದು ಮಂಜಿನಿಂದ ಎದ್ದು ಬಂದು ನಿಂತಿತು. ಅದುವರೆಗೆ ಬೆರಳು ಲೆಕ್ಕ ಹೇಳುತ್ತ, ಕಾಲು ಅಳೆಯುತ್ತ, ತಮ್ಮೂರ ಕೋರಿ ರೊಟ್ಟಿಯ ಬಗ್ಗೆಯೂ ಹೇಳುತ್ತಿದ್ದ ಪರ್ಲ್ ಸುಮ್ಮನಾದಳು. ಅವಳ ಬೆರಳು ಗುಂಡಿ ಒತ್ತುತ್ತಿತ್ತು, ಚಿತ್ರ ನಿಲ್ಲುತ್ತಿತ್ತು, ಮತ್ತೆ ಒತ್ತುತ್ತಿತ್ತು. ಆ ಮೌನ ಎಷ್ಟು ಹೊತ್ತಿನದೆಂದು ನಿರಂಜನನಿಗೆ ಹೇಳಲಾಗದು. ಶಾಲೆಯಲ್ಲಿ ಹೊಸ ಮೇಷ್ಟರು ಹಾಜರಿ ಕರೆಯುತ್ತ ಇವನ ಹೆಸರಿಗೆ ಬಂದು, ತಲೆಯೆತ್ತಿ, ಮುಖ ನೋಡಿ, ಮತ್ತೆ ಪುಸ್ತಕಕ್ಕೆ ಕಣ್ಣಿಳಿಸುವ ನಡುವೆ ಇರುತ್ತಿದ್ದ ಮೌನದಷ್ಟು. "ಡಾಕ್ಟರನ್ನು ಒಂದ್ಸಲ ಕರೀತೇನೆ ಅಕ್ಕ. ಎಂತ ಇಲ್ಲ, ಅವರೊಮ್ಮೆ ನೋಡ್ಬೇಕು," ಎಂದು ಅವಳು ಎದ್ದಳು. ಎಂತ ಇಲ್ಲ ಎಂದ ಕೂಡಲೇ ಮಾನಸಳ ಕೈ ಅವನ ಕೈಯನ್ನು ಹುಡುಕಿತು. ಜೆಲ್ ಹತ್ತಿದ ಕೈ. ಅವನಿಗೆ ಅಸಹ್ಯವಾಯಿತು, ಅಸಹ್ಯವಾದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು.

ಡಾಕ್ಟರ್ ಖದೀಜ ಭಟ್ಕಳದವರು, ಮಾತು ಮೆಲ್ಲಗೆ. ಬಂದು ನಿಂತುಕೊಂಡೇ ನೋಡಿದರು, ಕುರ್ಚಿ ಎಳೆದುಕೊಂಡು ಮತ್ತೆ ನೋಡಿದರು. "ನೋಡಿ, ಹೆದರೂ ವಿಷಯ ಅಲ್ಲ. ಮಗುವಿನ ಮೇಲಿನ ತುಟಿ ಎಡಗಡೆ ಕೂಡಿಕೊಳ್ಲಿಲ್ಲ. ಸೀಳುತುಟಿ. ಹಾರ್ಟು, ಬ್ರೇನು, ಬೆನ್ನುಮೂಳೆ ಎಲ್ಲ ಚಂದ ಅದೆ. ಒಳಗೆ ಅಂಗುಳ ಹೇಗದೆ ಅಂತ ಸ್ಕ್ಯಾನಲ್ಲಿ ಪೂರ್ತಿ ಹೇಳ್ಲಿಕ್ಕೆ ಬರೂದಿಲ್ಲ. ಹುಟ್ಟಿದ ಮೇಲೆ ಮೂರ್ನಾಲ್ಕು ತಿಂಗಳಿಗೆ ಆಪರೇಷನ್ ಮಾಡ್ತಾರೆ, ಚಂದ ಆಗ್ತದೆ."

"ನಾನೇನಾದ್ರೂ ತಪ್ಪು ಮಾಡಿದ್ನಾ ಡಾಕ್ಟ್ರೇ?" ಮಾನಸಳ ಧ್ವನಿ ತೆಳ್ಳಗಾಗಿತ್ತು. "ಮಾತ್ರೆ ಒಂದು ದಿನಾನೂ ಬಿಟ್ಟಿಲ್ಲ. ಕಾಫಿ ಕೂಡ ಬಿಟ್ಟೆ."

"ಯಾರೂ ಎಂತದೂ ಮಾಡ್ಲಿಲ್ಲ. ಬಹಳ ಸಲ ಕಾರಣವೇ ಸಿಗೂದಿಲ್ಲ. ಕೆಲವು ಸಲ ಮನೆತನದಲ್ಲಿ ಬರ್ತದೆ. ನಿಮ್ಮ ಕಡೆ ಯಾರಿಗಾದ್ರೂ ಇತ್ತಾ?"

ಮಾನಸ ಕಷ್ಟಪಟ್ಟು ಯೋಚಿಸಿದಳು. "ನಮ್ಮಜ್ಜಿಗೆ ಆರು ಬೆರಳಿತ್ತು. ಅದು ಲೆಕ್ಕಕ್ಕೆ ಬರತ್ತಾ?"

"ಸರ್, ನಿಮ್ಮ ಕಡೆ?"

"ಇಲ್ಲ," ಎಂದ ನಿರಂಜನ.

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೊರಗೆ ಬಿದ್ದಿತ್ತು. ಡಾಕ್ಟರು ತೆರೆಯನ್ನೇ ನೋಡುತ್ತಿದ್ದರು. ನೋಡಿದ್ದು ಪರ್ಲ್. ಯಂತ್ರದ ಹಿಡಿಯನ್ನು ಟಿಶ್ಯೂ ಕಾಗದದಿಂದ ಒರೆಸುತ್ತ ಅವಳು ತಲೆಯೆತ್ತಿದಳು, ಕಣ್ಣು ಅವನ ಮೀಸೆಯ ಎಡಭಾಗಕ್ಕೆ ಬಂದು ನಿಂತಿತು, ಒಂದೇ ಸೆಕೆಂಡು; ದಿನಕ್ಕೆ ಇಪ್ಪತ್ತು ಮುಖ ಅಳೆಯುವವಳ ಕಣ್ಣು. ಅಳೆದಳು, ನಿಲ್ಲಿಸಿದಳು, ಸೇವ್ ಮಾಡಿಕೊಂಡಳು, ಮತ್ತೆ ಒರೆಸತೊಡಗಿದಳು. ಅವಳನ್ನು ತಿರಸ್ಕರಿಸಲು ಅವನು ಕಾರಣ ಹುಡುಕಿದ, ತಕ್ಷಣಕ್ಕೆ ಸಿಗಲಿಲ್ಲ. ನಿಜವಾದ ಸಂಗತಿ ಎಂದರೆ ಬೆಟ್ಟವಿತ್ತು, ಮೆಟ್ಟಿಲಿತ್ತು, ಕೋತಿಗಳೂ ಬೇಕಾದಷ್ಟಿದ್ದವು, ಆದರೆ ಅವನ ತುಟಿಯನ್ನು ಯಾವ ಕೋತಿಯೂ ಮುಟ್ಟಿರಲಿಲ್ಲ. ಅವನು ಎಡಗಡೆ ಸೀಳಿದ ತುಟಿಯೊಂದಿಗೆ ಹುಟ್ಟಿದ್ದ. ಆರನೇ ತಿಂಗಳಲ್ಲಿ ಮೈಸೂರಿನಲ್ಲಿ ಹೊಲಿಗೆ ಹಾಕಿದ್ದರು. ಮೊದಲ ಕೋತಿಯನ್ನು ಕಂಡುಹಿಡಿದವಳು ಅವನ ತಾಯಿ ಲೀಲಮ್ಮ, ಹೆಣ್ಣು ಕೊಡುವವರ ಮುಂದೆ ಹೇಳಲಿಕ್ಕೆಂದು. ಉಳಿದ ಹತ್ತು ಅವನ ಸ್ವಂತದ್ದು.

ಡಾಕ್ಟರು ಒಂದು ಫಾರಂ ಕೊಟ್ಟರು. ಸೋಮವಾರ ದೊಡ್ಡ ಆಸ್ಪತ್ರೆಯಲ್ಲಿ ಇದರ ಸ್ಪೆಷಲಿಸ್ಟನ್ನು ಕಾಣಬೇಕು, ಎರಡೂ ಮನೆಯ ಚರಿತ್ರೆ ಅದರಲ್ಲಿ ಬರೆದಿರಬೇಕು, ಹಿರಿಯರಿದ್ದರೆ ಅವರನ್ನೂ ಕೇಳಿ ತುಂಬಿ. ಹೊರಗೆ ಬರುವಾಗ ಪರ್ಲ್ ಮಾನಸಳ ಭುಜ ಹಿಡಿದು ಏನೋ ಹೇಳಿದಳು; ಅವನು ಲಿಫ್ಟಿನ ಗುಂಡಿ ಒತ್ತುವುದರಲ್ಲಿ ಮುಳುಗಿದ್ದ. ರಿಸೆಪ್ಶನ್ನಿನ ಹುಡುಗಿ ಮರೆಯದೆ 'ಹಲೋ ಅಪ್ಪ' ಫ್ರೇಮನ್ನು ಕೈಗಿಟ್ಟಳು. ಕಾರಿನಲ್ಲಿ ಕೂತು ನೋಡಿದರೆ ಹೃದಯದ ಆಕಾರದೊಳಗೆ ಮುಖವಿರಲಿಲ್ಲ, ಪುಟ್ಟ ಅಂಗಾಲಿತ್ತು. ಪರ್ಲ್ ಬೇರೆ ಚಿತ್ರ ಆರಿಸಿದ್ದಳು. ಈ ಕರುಣೆಯನ್ನು ಅವನಿಗೆ ಸಹಿಸಲಾಗಲಿಲ್ಲ. ಮಾನಸ ಆ ಅಂಗಾಲನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಶಬ್ದವಿಲ್ಲದೆ ಅಳುತ್ತಿದ್ದಳು.

ಸಿಗ್ನಲ್ಲಿನಲ್ಲಿ ನಿಂತಾಗ ಅವನಿಗೆ ನೆನಪಾಯಿತು, ಡಾಕ್ಟರು ಸೀಳುತುಟಿ ಎಂದ ಕ್ಷಣ ತನ್ನ ಮನಸ್ಸಿನಲ್ಲಿ ಮೊಟ್ಟಮೊದಲು ಬಂದದ್ದು ಮಗುವಿನ ನೋವಲ್ಲ, ಹೆಂಡತಿಯ ಸಂಕಟವಲ್ಲ. ಹೆಣ್ಣಲ್ಲವೇ, ಮೀಸೆ ಬರುವುದಿಲ್ಲವಲ್ಲ, ಎಂಬ ಯೋಚನೆ. ಹೋದ ತಿಂಗಳೇ ಹೆಣ್ಣೆಂದು ಹೇಳಿದ್ದರು, ಈ ದೇಶದಲ್ಲಿ ಹೇಳುತ್ತಾರೆ, ಮಾನಸ ಗಾನವಿ ಎಂದು ಹೆಸರು ಕೂಡ ಇಟ್ಟುಬಿಟ್ಟಿದ್ದಳು. ಅವನಿಗೆ ಮೀಸೆ ಬಂದದ್ದು ಹದಿನೇಳಕ್ಕೆ. ವೀಸಾ ಬಂದಾಗ ಕೂಡ ಅಷ್ಟು ಸಂತೋಷವಾಗಿರಲಿಲ್ಲ. ಅದಕ್ಕೆ ಮೊದಲು ಶಾಲೆಯ ಗ್ರೂಪ್ ಫೋಟೋದ ದಿನ ಲೀಲಮ್ಮ ಹೆಬ್ಬೆರಳಿಗೆ ಪೌಡರ್ ಹಚ್ಚಿಕೊಂಡು ಅವನ ತುಟಿಯ ಮೇಲೆ ಒತ್ತುತ್ತಿದ್ದಳು, ಗೋಡೆಯ ಬಿರುಕಿಗೆ ಸುಣ್ಣ ಮೆತ್ತುವ ಹಾಗೆ, ಒತ್ತುತ್ತ ಒತ್ತುತ್ತ ಅವಳ ಕಣ್ಣು ಬೇರೆಲ್ಲೋ ಇರುತ್ತಿತ್ತು. ಹಿಂದಿನ ಕಾರಿನವನು ಹಾರನ್ ಒತ್ತಿದ. ಅವನನ್ನೂ ತಿರಸ್ಕರಿಸಿ ನಿರಂಜನ ಮುಂದಕ್ಕೆ ಹೋದ.

ಲೀಲಮ್ಮ ಅಕ್ಟೋಬರಿನಲ್ಲಿ ವಿಸಿಟ್ ವೀಸಾದ ಮೇಲೆ ಬಂದವಳು, ಸೊಸೆಯ ಬಸಿರಿಗೆ ಕಾವಲಾಗಿ. ಸುದ್ದಿ ಕೇಳಿ ಸೋಫಾದ ಅಂಚಿನಲ್ಲಿ ಕೂತಳು. ಅವಳು ಕೇಳಿದ ಮೊದಲ ಪ್ರಶ್ನೆ, "ಯಾವ ಕಡೆ?"

"ಎಡಗಡೆ ಅತ್ತೆ," ಎಂದಳು ಮಾನಸ.

ಲೀಲಮ್ಮ ಮಗನನ್ನು ನೋಡಿದಳು. ಮಗ ಫ್ರಿಜ್ಜನ್ನು ನೋಡಿದ. ಫ್ರಿಜ್ಜಿನ ಬಾಗಿಲ ಮೇಲೆ ಸೆಪ್ಟೆಂಬರಿನ ಚಂದ್ರಗ್ರಹಣದ ಚೀಟಿ ಮೂರು ತಿಂಗಳಿಂದ ಹಾಗೇ ಅಂಟಿಕೊಂಡಿತ್ತು.

"ಗ್ರಹಣದ ದಿನ ಏನಾದ್ರೂ ಹೆಚ್ಚಿದ್ಯೇನಮ್ಮ?" ಲೀಲಮ್ಮನ ದನಿ ಮೆತ್ತಗಿತ್ತು, ಪೊಲೀಸಿನವರು ಮೊದಲು ನೀರು ಕೊಡುವ ಹಾಗೆ.

"ಅಯ್ಯೋ ಇಲ್ಲ ಅತ್ತೆ. ನೀವು ಕಳಿಸಿದ ಟೈಮ್ ನೋಡಿಕೊಂಡೇ ಮಾಡಿದ್ದು. ಅಲ್ಲೇ ಇದೆಯಲ್ಲ, ಒಂಬತ್ತು ಐವತ್ತೇಳಕ್ಕೆ ಸ್ಪರ್ಶ. ನಾನು ಎಂಟೂವರೆಗೇ ಕೂತು ಬದನೆಕಾಯಿ ಹೆಚ್ಚಿಕೊಂಡು, ಒಂಬತ್ತೂಕಾಲಿಗೆ ಊಟ ಮುಗಿಸಿ, ರೂಮ್ ಸೇರಿ ಕಿಟಕಿ ಹಾಕಿಬಿಟ್ಟಿದ್ದೆ. ನಂಬಿಕೆ ಇಲ್ದಿದ್ರೂ ಮಾಡಿದೆ."

"ಅದು ನಮ್ಮೂರ ಟೈಮು ಕಣೇ," ಎಂದಳು ಲೀಲಮ್ಮ.

ಮೂವರೂ ಚೀಟಿಯನ್ನು ನೋಡಿದರು. ಲೀಲಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. "ಇಲ್ಲಿ ಒಂದೂವರೆ ಗಂಟೆ ಕಮ್ಮಿ ಅಲ್ವಾ? ಹಂಗಾದ್ರೆ ಇಲ್ಲಿಗೆ ಎಂಟು ಇಪ್ಪತ್ತೇಳಕ್ಕೇ ಹಿಡಿದಿತ್ತು. ಹಿಡಿದಿದ್ದ ಹೊತ್ತಲ್ಲೇ ಕತ್ತಿ ಹಿಡ್ಕೊಂಡು ಕೂತಿದ್ಯಾ."

ಚೀಟಿ ಬರೆದವನು ನಿರಂಜನ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಅವನು ಮಾಡುತ್ತಿದ್ದ ಕೆಲಸವೇ ಚೆನ್ನೈಯವರಿಗೂ ಮನಿಲಾದವರಿಗೂ ಈಗ ದುಬೈಯಲ್ಲಿ ಗಂಟೆಯೆಷ್ಟು ಎಂದು ಹೇಳುವುದು. ಆ ದಿನ ಅಮ್ಮನ ವಾಟ್ಸಾಪಿನಿಂದ ಅಂಕಿ ಎತ್ತಿ ಬರೆಯುವಾಗ ಎಷ್ಟು ತಾತ್ಸಾರವಿತ್ತೆಂದರೆ, ಮೂಢನಂಬಿಕೆಗೆ ಯಾರಾದರೂ ಟೈಮ್ ಝೋನ್ ಲೆಕ್ಕ ಹಾಕುತ್ತಾರೆಯೇ ಎಂದು ಪೆನ್ನು ಎಸೆದಿದ್ದ. ಈಗ ಅದೇ ತಲೆ ತಾನಾಗಿ ಲೆಕ್ಕಕ್ಕೆ ಕೂತಿತು. ಇವತ್ತಿಗೆ ಇಪ್ಪತ್ತು ವಾರ, ಆವತ್ತಿಗೆ ಎಂಟು. ತುಟಿ ಕೂಡಿಕೊಳ್ಳುವ ವಾರಗಳು ಯಾವುವೆಂದು ಅವನು ಸಿಗ್ನಲ್ಲಿನಲ್ಲೇ ಫೋನಿನಲ್ಲಿ ಓದಿದ್ದ. ಹೊಂದುತ್ತದೆ. ಗ್ರಹಣವನ್ನು ನಂಬದವನ ಬೆನ್ನಿನಲ್ಲಿ ಬೆವರು ಹರಿಯಿತು, ಆ ಬೆವರಿನ ಹಿಂದೆಯೇ ಒಂದು ಉಪಾಯವೂ ಹರಿದು ಬಂತು. ಎದ್ದು ನಿಂತ.

"ತಪ್ಪು ನಂದು," ಎಂದ. "ಟೈಮ್ ಬರೆದಿದ್ದು ನಾನು. ಮಾನಸಂದೇನೂ ಇಲ್ಲ. ಯಾರಾದ್ರೂ ಬೈಯ್ಯೋದಿದ್ರೆ ನನ್ನ ಬೈಯಿರಿ."

ಹೇಳಿ ಮುಗಿಸಿದಾಗ ಎದೆ ಎಷ್ಟು ಹಗುರಾಯಿತೆಂದರೆ ಇದನ್ನು ಇನ್ನೊಮ್ಮೆ ಹೇಳಬಹುದೇ ಎನ್ನಿಸಿತು. ಮಾಡದ ಅಪರಾಧವನ್ನು ಒಪ್ಪಿಕೊಳ್ಳುವುದು ಇಷ್ಟು ಸುಖವೆಂದು ಅವನಿಗೆ ಗೊತ್ತಿರಲಿಲ್ಲ. ಮಾನಸ ಎದ್ದು ಬಂದು ಅವನ ತೋಳು ಹಿಡಿದಳು. ಬೆಳಗ್ಗೆಯಿಂದ ಅತ್ತ ಕಣ್ಣಿನಲ್ಲೇ, "ಹುಚ್ಚಾ ನಿಮಗೆ? ಗ್ರಹಣ ಅಂತೆ ಗ್ರಹಣ. ನೀವ್ಯಾಕೆ ಇದನ್ನೆಲ್ಲ ಮೈಮೇಲೆ ಹಾಕೋತೀರಾ," ಎಂದಳು. ಅವನು ಸಮಾಧಾನ ಮಾಡಿಸಿಕೊಂಡ. ತಲೆ ತಗ್ಗಿಸಿ, ಸಾಕಷ್ಟು ಹೊತ್ತು, ಬೆನ್ನು ಸವರಿಸಿಕೊಂಡ. ಆದರೆ ಲೀಲಮ್ಮ ತಲೆಯಾಡಿಸಿದಳು. "ಗಂಡಸು, ಅವನಿಗೇನು ಗೊತ್ತಾಗತ್ತೆ. ಹೆಚ್ಚೋಳು ಒಂದ್ಸಲ ಕಿಟಕಿ ತೆಗೆದು ಆಕಾಶ ನೋಡ್ಬೇಕಿತ್ತು." ಮಾನಸಳ ಕೈ ಅವನ ಬೆನ್ನಿನ ಮೇಲೆ ನಿಂತಿತು. ಆಮೇಲೆ ಜಾರಿತು.

ಅವನು ತಾಯಿಯ ಹಿಂದೆ ಕೋಣೆಗೆ ಹೋದ. ಲೀಲಮ್ಮ ಮಂಚದ ಮೇಲೆ ಕೂತು ಸೀರೆಯ ನೆರಿಗೆ ಬಿಡಿಸುತ್ತಿದ್ದಳು. "ಅವಳನ್ನ ಯಾಕಮ್ಮ ಅಂತೀಯ," ಎಂದ ಅವನು, ಬಾಗಿಲು ಮುಂದೆ ಮಾಡಿ.

"ನಾನು ಅನ್ನಿಸಿಕೊಳ್ಳಲಿಲ್ವಾ?" ಎಂದಳು ಲೀಲಮ್ಮ. "ಎಂಬತ್ತನೇ ಇಸವಿ ಫೆಬ್ರವರಿ ಕಣೋ. ಸೂರ್ಯಗ್ರಹಣ. ಮೈಸೂರಿಗೆ ಮೈಸೂರೇ ಬಾಗಿಲು ಹಾಕ್ಕೊಂಡಿತ್ತು. ನಿಮ್ಮಪ್ಪ ಹಸಿವು ಅಂದ್ರು. ಯಾರು ನೋಡ್ತಾರೆ ಅಂತ ಕುಂಬಳಕಾಯಿ ಇಟ್ಕೊಂಡು ಎರಡು ಹೋಳು ಮಾಡಿದೆ. ಎರಡೇ. ಆ ಎರಡು ಹೋಳಿಗೆ ನಿಮ್ಮಜ್ಜಿ ಸಾಯೋವರೆಗೂ ನನ್ನ ಕೈಲಿ ತರಕಾರಿ ಹೆಚ್ಚಿಸಲಿಲ್ಲ. ನಿನ್ನ ಮುಖ ತೊಳೆಸೋವಾಗೆಲ್ಲ ಆ ಕುಂಬಳಕಾಯಿ ಕಾಣೋದು ನಂಗೆ. ನಿಂದು ನಾನು ಮಾಡಿದ್ದು. ಇದು ಅವಳು ಮಾಡ್ಕೊಂಡಿದ್ದು. ನಾನು ಹೊತ್ತೆ, ಅವಳೂ ಹೊರಲಿ ಬಿಡು."

ಅಮ್ಮ, ನೀನು ಏನೂ ಮಾಡಿಲ್ಲ, ಇದು ರಕ್ತದಲ್ಲಿ ಬಂದದ್ದು, ನಿನ್ನಿಂದ ನನಗೋ ಅಪ್ಪನಿಂದ ನನಗೋ, ನನ್ನಿಂದ ಅವಳಿಗೆ. ಇಷ್ಟು ಹೇಳಿದರೆ ಈ ಕೋಣೆಯ ಹೆಂಗಸೂ ಆ ಕೋಣೆಯ ಹೆಂಗಸೂ ಒಂದೇ ಸಲಕ್ಕೆ ಬಿಡುಗಡೆಯಾಗುತ್ತಿದ್ದರು. ಒಂದು ವಾಕ್ಯ. ನಿರಂಜನನ ಬಾಯಿ ಸ್ವಲ್ಪ ತೆರೆದೂ ಇತ್ತು. ಆದರೆ ರಕ್ತ ಎಂದರೆ ಅದು ಅವನದಾಗುತ್ತಿತ್ತು. ಇಲ್ಲಿಯವರೆಗೆ ಒಂದು ಕುಂಬಳಕಾಯಿ, ಒಂದು ಬದನೆಕಾಯಿ, ಎರಡು ತರಕಾರಿಗಳ ಮರೆಯಲ್ಲಿ ಅವನು ಎಷ್ಟು ಆರಾಮಾಗಿ ಕೂತಿದ್ದ! ಹದಿನಾಲ್ಕು ವರ್ಷದಿಂದ ಪಾರ್ಕಿನಲ್ಲಿ, ಆಫೀಸಿನಲ್ಲಿ, ಊರಿನಲ್ಲಿ ತಾನು ತಿರಸ್ಕರಿಸಿದ ಮನುಷ್ಯರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಈ ಮಂಚದ ಮುಂದೆ ನಿಂತಿರುವವನ ಮಟ್ಟಕ್ಕೆ ಇಳಿಯಬಲ್ಲವನು ಒಬ್ಬನೂ ಇರಲಿಲ್ಲ. ಇದು ಅವನಿಗೆ ಸ್ಪಷ್ಟವಾಗಿ ಕಂಡಿತು, ಕಂಡದ್ದರಲ್ಲಿ ಒಂದು ಸಣ್ಣ ಹೆಮ್ಮೆಯೂ ಇತ್ತು. "ಸ್ವಲ್ಪ ಮಲಕೋ ಅಮ್ಮ," ಎಂದು ಹೊರಗೆ ಬಂದ.

ಊಟವಾದ ಮೇಲೆ ಮಾನಸ ಮೇಜಿನ ಮೇಲೆ ಫಾರಂ ಹರಡಿಕೊಂಡಳು. ತನ್ನ ಕಡೆಯದನ್ನು ಗುಂಡಾದ ಅಕ್ಷರಗಳಲ್ಲಿ ತುಂಬಿದಳು, ಅಜ್ಜಿಯ ಆರನೇ ಬೆರಳನ್ನೂ ಬಿಡದೆ. ಆಮೇಲೆ ಪೆನ್ನು ನಿಂತಿತು.

"ರೀ, ಇಲ್ಲಿ ಬನ್ನಿ. ಕೂತ್ಕೊಳ್ಳಿ."

ಕೂತ.

"ಪರ್ಲ್ ಹೊರಡೋವಾಗ ಒಂದು ಮಾತು ಹೇಳಿದ್ಲು. 'ಅಕ್ಕ, ಮನೆಗೆ ಹೋಗಿ ಸರ್ ಹತ್ರ ಇನ್ನೊಮ್ಮೆ ಕೇಳಿ' ಅಂತ. ಅಷ್ಟೇ. ನಂಗೆ ಆಗ ಅರ್ಥ ಆಗ್ಲಿಲ್ಲ." ಅವಳು ಪೆನ್ನಿನ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದಳು. "ಮುಖ ಈ ಕಡೆ ಮಾಡಿ."

"ಏನೇ ಇದು?"

"ಮಾಡಿ ಅಂದೆ."

ಮುಚ್ಚಳದ ತುದಿಯಿಂದ ಅವಳು ಅವನ ಮೀಸೆಯ ಎಡಭಾಗವನ್ನು ಮೇಲಕ್ಕೆತ್ತಿದಳು. ಮದುವೆಯಾಗಿ ಹತ್ತು ವರ್ಷವಾಗಿದ್ದರೂ ಅಲ್ಲಿಗೆ ಬೆಳಕು ಬಿದ್ದಿರಲಿಲ್ಲ. ಅವಳ ಉಸಿರು ಅವನ ಗಲ್ಲಕ್ಕೆ ತಾಗುತ್ತಿತ್ತು. ತರಕಾರಿ ಅಂಗಡಿಯಲ್ಲಿ ಬೆಂಡೆಯ ತುದಿ ಮುರಿದು ನೋಡುವಾಗ ಅವಳ ಮುಖದಲ್ಲಿರುತ್ತಿದ್ದ ಗಮನ. ಕೂದಲಿನ ಬುಡದಲ್ಲಿ ಮೂಗಿನಿಂದ ತುಟಿಯವರೆಗೆ ಇಳಿದ ಬಿಳಿ ಗೆರೆ, ಅದರ ಎರಡೂ ಪಕ್ಕ ಹೊಲಿಗೆಯ ಚುಕ್ಕೆಗಳು, ಒಂದರ ಕೆಳಗೊಂದು. ಅವಳು ಎಣಿಸುತ್ತಿದ್ದಾಳೇನೋ ಎಂದು ಅವನಿಗೆ ಅನ್ನಿಸಿತು.

"ಕೋತಿ ಇಷ್ಟು ನೀಟಾಗಿ ಪರಚಲ್ಲ," ಎಂದಳು ಮಾನಸ.

"ಹುಟ್ಟಿದಾಗಿಂದ," ಎಂದ ಅವನು. ಮುಚ್ಚಳ ಇನ್ನೂ ಅಲ್ಲೇ ಇದ್ದುದರಿಂದ ಶಬ್ದ ವಕ್ರವಾಗಿ ಬಂತು.

ಅವಳು ಮುಚ್ಚಳ ತೆಗೆದಳು. ಫಾರಮ್ಮಿನಲ್ಲಿ ತಂದೆ ಎಂಬಲ್ಲಿ ಬರೆದಳು, ಎಡಗಡೆ ಎಂದೂ ಬರೆದಳು. ಬರೆಯುತ್ತಲೇ ಕೇಳಿದಳು, "ಡಾಕ್ಟರು ಕೇಳಿದಾಗ ಇಲ್ಲ ಅಂದ್ರಿ. ನಾನು ಅಲ್ಲಿ ಮಲಗಿಕೊಂಡು ಕಾಫಿ ಲೆಕ್ಕ ಹೇಳ್ತಾ ಇದ್ದೆ."

"ಹೇಳ್ಬೇಕು ಅಂತಿದ್ದೆ."

"ಅತ್ತೆ ಏನಂದ್ಕೊಂಡಿದಾರೆ, ನಿಮ್ಮದು ಹೇಗಾಯ್ತು ಅಂತ?"

"ಅವರೂ ಗ್ರಹಣದಲ್ಲಿ ಕುಂಬಳಕಾಯಿ ಹೆಚ್ಚಿದ್ರಂತೆ. ಅದಕ್ಕೇ ಅಂತ."

"ಅದರಿಂದ ಅಲ್ಲ ಅಂತ ನಿಮಗೆ ಯಾವಾಗಿಂದ ಗೊತ್ತು?"

"ಕಾಲೇಜಲ್ಲಿ ಓದಿದ್ದೆ."

"ಅವರಿಗೆ ಹೇಳಿದ್ರಾ?"

ಒಳಗೆ ಲೀಲಮ್ಮ ಕೆಮ್ಮಿದಳು. ನಿರಂಜನನಿಗೆ ಇದ್ದಕ್ಕಿದ್ದಂತೆ ಮಾತಿನ ಹುಮ್ಮಸ್ಸು ಬಂತು. ಸತ್ಯ ಹೇಳಿಯಾಯಿತಲ್ಲ, ಅದು ಎಷ್ಟು ಚಿಕ್ಕದಾಗಿ, ಬಡಕಲಾಗಿ ಮೇಜಿನ ಮೇಲೆ ಬಿದ್ದಿದೆ. ಅದಕ್ಕೆ ಸ್ವಲ್ಪ ಬಟ್ಟೆ ತೊಡಿಸದಿದ್ದರೆ ಯಾರು ತಾನೇ ನೋಡಿಯಾರು? "ಅಯ್ಯೋ, ಅದು ಬಿಡು, ಆಪರೇಷನ್ ಕಥೆ ಕೇಳು ನೀನು," ಎಂದ ಕುರ್ಚಿ ಮುಂದಕ್ಕೆಳೆದು. "ಆಪರೇಷನ್ ಮಾಡಿದವನು ಜರ್ಮನಿಯವನು. ಆರೂವರೆ ಅಡಿ, ಒಂದೇ ಕಣ್ಣು. ಅವತ್ತು ಇಡೀ ಮೈಸೂರಿಗೆ ಕರೆಂಟಿಲ್ಲ. ನಮ್ಮಪ್ಪ ಒಂದು ಕೈಲಿ ಲಾಟೀನು, ಇನ್ನೊಂದು ಕೈಲಿ ನನ್ನ ಹಿಡ್ಕೊಂಡು..."

ಮಾನಸ ಪೆನ್ನಿಗೆ ಮುಚ್ಚಳ ಹಾಕಿದಳು. ಫಾರಮ್ಮನ್ನು ಎರಡು ಮಡಿಕೆ ಮಾಡಿ ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಟ್ಟುಕೊಂಡು ಎದ್ದಳು. ಲೀಲಮ್ಮನ ಕೋಣೆಯ ಕಡೆ ನಡೆದಳು.

"ಕೇಳು, ಮುಖ್ಯವಾದ್ದು ಇನ್ನೇನು ಬರತ್ತೆ," ಎಂದ ಅವನು ಅವಳ ಬೆನ್ನಿಗೆ, ಸ್ವಲ್ಪ ದನಿಯೆತ್ತಿ. "ಹೊಲಿಯೋಕೆ ದಾರಾನೇ ಇಲ್ಲ ಆಸ್ಪತ್ರೇಲಿ. ಆ ಒಕ್ಕಣ್ಣ ಏನ್ ಮಾಡ್ದ ಗೊತ್ತಾ, ಸೀದಾ ಅರಮನೆಗೆ ಆಳು ಕಳಿಸಿ, ಪಟ್ಟದಾನೆ ಬಾಲದಿಂದ ಒಂದೇ ಒಂದು ಕೂದಲು..."